ನೀಟ್‌ನಲ್ಲಿ ಒಮ್ಮೆ ಸೀಟು ತಪ್ಪಿದ ಮೇಲೆ: ಮುಂಬಯಿ ಕನ್ನಡಿಗರ ಮನೆಗೊಂದು ಸಮಗ್ರ ಮಾರ್ಗದರ್ಶಿ

2024ರ ನೀಟ್‌ನಲ್ಲಿ ನನ್ನ ಮಗಳಿಗೆ 720ಕ್ಕೆ 607 ಬಂತು. ಸರ್ಕಾರಿ ಎಂಬಿಬಿಎಸ್ ಸೀಟು ಸಿಗಲಿಲ್ಲ. 2025ರಲ್ಲಿ 523 ಬಂತು. ಸೀಟು ಸಿಕ್ಕಿತು. 84 ಅಂಕ ಕಡಿಮೆ ಬಂದು ಸೀಟು ಸಿಕ್ಕಿದ ಕಥೆಯನ್ನು ಮಾಟುಂಗದ ಮದುವೆ ಊಟದಲ್ಲಿ ಹೇಳಿದರೆ, ಪಕ್ಕದವರು ನನಗೇ ಲೆಕ್ಕ ಬರುವುದಿಲ್ಲ ಅನ್ನೋ ಹಾಗೆ ನೋಡುತ್ತಾರೆ.

ಲೆಕ್ಕ ಸರಿಯಾಗೇ ಇದೆ. 2024ರ ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂದಿತ್ತು. ಪರಿಷ್ಕರಣೆ ಆದ ಮೇಲೂ 17 ಮಂದಿ ಉಳಿದರು. 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕವೇ 686. ಜನರಲ್ ವರ್ಗದ ಅರ್ಹತೆಯ ಕಟ್‌ಆಫ್ 162ರಿಂದ 144ಕ್ಕೆ ಇಳಿಯಿತು. ಪೇಪರ್ ಕಷ್ಟವಾದರೆ ಎಲ್ಲರ ಅಂಕವೂ ಇಳಿಯುತ್ತದೆ. ಸೀಟು ಕೊಡುವುದು ರ‍್ಯಾಂಕ್. ಆದ್ದರಿಂದ ಹೋದ ವರ್ಷದ ನಿಮ್ಮ ಮಗುವಿನ ಅಂಕವನ್ನು ಈ ವರ್ಷದ ಪಕ್ಕದ ಮನೆಯ ಮಗುವಿನ ಅಂಕದ ಜೊತೆ ಇಟ್ಟು ನೋಡುವುದನ್ನು ಇವತ್ತೇ ಬಿಡಿ.

ನಾನು ಡಾಕ್ಟರಲ್ಲ, ಕೋಚಿಂಗ್ ಮೇಡಮ್ಮೂ ಅಲ್ಲ. ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ, ಡೊಂಬಿವಲಿಯಲ್ಲಿ ಮನೆ, ಊರು ಕುಂದಾಪುರದ ಕಡೆ. ಒಂದು ವರ್ಷ ಪೂರ್ತಿ ಇದರಲ್ಲೇ ಮುಳುಗಿದ್ದೆ. ಆಮೇಲೆ ಪರಿಚಯದ ನಾಲ್ಕೈದು ಮನೆಯವರಿಗೆ ಫಾರ್ಮು, ಪಟ್ಟಿ ಅಂತ ಕೂತು ಸಹಾಯ ಮಾಡಿದ್ದೇನೆ. ಅದರಿಂದ ನನಗೆ ಗಟ್ಟಿಯಾದ ಒಂದು ಮಾತಿದೆ. ಸೀಟು ಮೂರು ಕಡೆ ತಪ್ಪುತ್ತದೆ: ಪರೀಕ್ಷೆಯಲ್ಲಿ, ಕಾಗದಪತ್ರದಲ್ಲಿ, ಕಾಲೇಜುಗಳ ಪಟ್ಟಿಯಲ್ಲಿ. ಮಗುವನ್ನು ಮೊದಲನೆಯದಕ್ಕೆ ಮಾತ್ರ ತಿರುಗಿ ದೂಡುತ್ತೇವೆ. ಇನ್ನೆರಡು ನಮ್ಮದೇ ಕೆಲಸ, ಅದು ಹಾಗೇ ಬಿದ್ದಿರುತ್ತದೆ.

ಮೊದಲ ಹದಿನೈದು ದಿನ ಏನೂ ತೀರ್ಮಾನ ಮಾಡಬೇಡಿ

ಫಲಿತಾಂಶ ಬಂದ ರಾತ್ರಿಯೇ, ಮತ್ತೆ ಬರೆಯುವವರಿಗೆ ಅಂತ ಕೋಚಿಂಗ್‌ನವರು ನಡೆಸುವ ರಿಪೀಟರ್ ಬ್ಯಾಚಿನ ಫೋನು ಬರುತ್ತದೆ. "ಇವತ್ತು ಕಟ್ಟಿದರೆ ರಿಯಾಯಿತಿ" ಅನ್ನುತ್ತಾರೆ. ನಾವು ಕಟ್ಟಿದೆವು. ಎರಡು ತಿಂಗಳಾದ ಮೇಲೆ ಬ್ಯಾಚ್ ನಮಗೆ ಹೊಂದುವುದಿಲ್ಲ ಅಂತ ಗೊತ್ತಾಯಿತು, ದುಡ್ಡು ಮಾತ್ರ ವಾಪಸ್ ಬರಲಿಲ್ಲ. ತಪ್ಪು ನಮ್ಮದೇ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲಾ ಬರೆದಿತ್ತು.

ಈ ದಿನಗಳಲ್ಲಿ ಮಗು ಮಲಗಲಿ, ಊರಿಗೆ ಹೋಗಿ ಬರಲಿ. ನಮ್ಮತ್ತೆ ಫೋನಿನಲ್ಲಿ ಮಗಳಿಗೆ ಹೇಳಿದ್ದು ಇಷ್ಟೇ: "ಸೀಟ್ ಹೋದ್ರೆ ಹೋಯ್ತ್, ನೀ ಊಟ ಮಾಡಿದ್ಯಾ?" ನಾವು ಹೇಳಿದ ನೂರು ಸಮಾಧಾನಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಮಾತೇ ಆಡದಿದ್ದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿಯೂ ಇದೆ, ಉಚಿತ. ಕನ್ನಡದಲ್ಲೂ ಮಾತಾಡಬಹುದು.

ಒಎಂಆರ್ ಮುಂದಿಟ್ಟುಕೊಂಡು ಕೂರಿ

ನೀಟ್ ನಡೆಸುವ ಎನ್‌ಟಿಎ ಪ್ರತಿ ಅಭ್ಯರ್ಥಿಯ ಒಎಂಆರ್ ಹಾಳೆಯ, ಅಂದರೆ ಉತ್ತರದ ವೃತ್ತ ತುಂಬುವ ಹಾಳೆಯ, ಸ್ಕ್ಯಾನ್ ಚಿತ್ರ ಮತ್ತು ಸರಿಯುತ್ತರಗಳನ್ನು ತೋರಿಸುತ್ತದೆ. ಅದು ಕೆಲವೇ ದಿನ ಇರುತ್ತದೆ. ಮೊದಲು ಇಳಿಸಿಟ್ಟುಕೊಳ್ಳಿ, ಅಳುವುದು ಆಮೇಲೆ. ಯಾವುದಾದರೂ ಸರಿಯುತ್ತರವೇ ತಪ್ಪು ಅನ್ನಿಸಿದರೆ ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪ ಹಾಕಬಹುದು. ಪ್ರಶ್ನೆ ಪುಸ್ತಿಕೆಯನ್ನು ಮಕ್ಕಳು ಮನೆಗೆ ತರುತ್ತಾರೆ. ಅದನ್ನು ರದ್ದಿಗೆ ಹಾಕಬೇಡಿ. ಇಡೀ ವರ್ಷಕ್ಕೆ ಬೇಕಾದ ಪಾಠ ಅದರಲ್ಲೇ ಇದೆ.

ಒಂದು ಭಾನುವಾರ ಊಟದ ಮೇಜಿನ ಮೇಲೆ ಇವೆಲ್ಲ ಹರಡಿಕೊಂಡು ಕೂತೆವು. ನಾನು ಬ್ಯಾಂಕಿನವಳು, ಲೆಕ್ಕ ತಾಳೆ ಆಗದೆ ಏಳುವವಳಲ್ಲ. ಸರಿ ಉತ್ತರ 157, ತಪ್ಪು 21, ಬಿಟ್ಟದ್ದು 2. ಸರಿಗೆ 4, ತಪ್ಪಿಗೆ ಮೈನಸ್ 1. 628ರಲ್ಲಿ 21 ಕಳೆದರೆ 607. ತಾಳೆಯಾಯಿತು. ಆಮೇಲೆ ಆ 21 ತಪ್ಪುಗಳನ್ನು ಒಂದೊಂದಾಗಿ ತೆಗೆದು, "ಇದು ಯಾಕೆ ತಪ್ಪಿತು?" ಅಂತ ಕೇಳಿದೆ. ಬೈಯಲಿಲ್ಲ. ಅದೊಂದು ಶರತ್ತು ಅವಳೇ ಹಾಕಿದ್ದು.

ಆರು ಪ್ರಶ್ನೆ ಗೊತ್ತೇ ಇರಲಿಲ್ಲ. ಎಂಟರಲ್ಲಿ ಎರಡು ಆಯ್ಕೆಗೆ ಬಂದು ನಿಂತು, ಒಂದನ್ನು ಊಹಿಸಿದ್ದಳು. ನಾಲ್ಕು ಲೆಕ್ಕದ ಜಾರು: ಒಂದು ಕಡೆ ಮೈಕ್ರೋ ಅಂದರೆ 10ರ ಮೈನಸ್ 6ನೇ ಘಾತ ಅಂತ ಗೊತ್ತಿದ್ದೂ ಮೈನಸ್ 3 ಹಾಕಿದ್ದಳು. ಎರಡರಲ್ಲಿ "ಸರಿಯಲ್ಲದ್ದು ಯಾವುದು" ಅಂತಿದ್ದನ್ನು "ಸರಿಯಾದದ್ದು ಯಾವುದು" ಅಂತ ಓದಿದ್ದಳು. ಒಂದರಲ್ಲಿ ಪುಸ್ತಿಕೆಯಲ್ಲಿ ಸರಿಯಾಗಿ ಗುರುತು ಹಾಕಿ, ಒಎಂಆರ್‌ನಲ್ಲಿ ಪಕ್ಕದ ವೃತ್ತ ತುಂಬಿದ್ದಳು.

ಅಂದರೆ 21ರಲ್ಲಿ 15 ತಪ್ಪು ಓದದೇ ಇದ್ದುದರಿಂದ ಆದದ್ದಲ್ಲ. ಒಂದು ತಪ್ಪು ಸರಿಯಾದರೆ ಲಾಭ 4 ಅಲ್ಲ, 5. ಯಾಕೆಂದರೆ ಮೈನಸ್ 1 ಕೂಡ ಹೋಗುತ್ತದೆ. 15ಕ್ಕೆ 75 ಅಂಕ. "ಅಮ್ಮಾ, ಹಾಗಾದ್ರೆ ನಾನು ದಡ್ಡಿ ಅಲ್ವಾ?" ಅಂದಳು. ಆ ಪ್ರಶ್ನೆ ಒಂದು ತಿಂಗಳಿಂದ ಅವಳ ಹೊಟ್ಟೆಯಲ್ಲಿತ್ತು ಅಂತ ನನಗೆ ಆಗಲೇ ಗೊತ್ತಾದದ್ದು.

ಊಹೆಯ ವಿಷಯದಲ್ಲಿ ಒಂದು ಮಾತು. "ಡೌಟ್ ಇದ್ದರೆ ಬಿಟ್ಟುಬಿಡು" ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಐದು ಊಹೆಯಲ್ಲಿ ಒಂದು ಸರಿಯಾದರೆ 4 ಬಂತು, ನಾಲ್ಕು ತಪ್ಪಿಗೆ 4 ಹೋಯಿತು, ಸಮ. ಐದಕ್ಕೆ ಒಂದಕ್ಕಿಂತ ಜಾಸ್ತಿ ಸರಿಯಾಗುವಂತಿದ್ದರೆ ಊಹಿಸುವುದೇ ಲಾಭ. ನನ್ನ ಮಗಳು ಪುಸ್ತಿಕೆಯಲ್ಲಿ ಡೌಟ್ ಇದ್ದ ಪ್ರಶ್ನೆಗೆಲ್ಲ ಚುಕ್ಕಿ ಇಟ್ಟಿದ್ದಳು. ಒಟ್ಟು 19 ಚುಕ್ಕಿ, 11 ಸರಿ, 8 ತಪ್ಪು. ಊಹೆ ಅವಳನ್ನು ಕಾಪಾಡಿತ್ತು. ನಾವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಚುಕ್ಕಿ 19 ಯಾಕೆ ಬಂತು? ಎಣಿಸಿದರೆ 12 ಜೀವಶಾಸ್ತ್ರದಲ್ಲಿ. ಅವಳು ಮಹಾರಾಷ್ಟ್ರ ಬೋರ್ಡಿನವಳು. ಆ ಬೋರ್ಡಿನ ಎಚ್‌ಎಸ್‌ಸಿ (11, 12ನೇ ತರಗತಿ) ಪುಸ್ತಕ ಮತ್ತು ಕೋಚಿಂಗ್ ನೋಟ್ಸ್ ಬಾಯಿಪಾಠ ಇತ್ತು, ನೀಟ್ ಪ್ರಶ್ನೆಗಳು ಹೆಚ್ಚಾಗಿ ಬರುವ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಸಾಲಾಗಿ ಓದಿರಲಿಲ್ಲ. 720ರಲ್ಲಿ 360 ಅಂಕ ಜೀವಶಾಸ್ತ್ರದ್ದು. ರೋಗ ಎಲ್ಲಿದೆ ಅಂತ ಆ ಮಧ್ಯಾಹ್ನ ಸಿಕ್ಕಿತು.

ನಿಮ್ಮ ಮಗುವಿನ ಲೆಕ್ಕ ಬೇರೆ ಬರಬಹುದು. 40 ಪ್ರಶ್ನೆ "ಗೊತ್ತೇ ಇರಲಿಲ್ಲ" ಪಟ್ಟಿಗೆ ಬಿದ್ದರೆ ಪಾಠವನ್ನೇ ಬುಡದಿಂದ ಕಟ್ಟಬೇಕು. ಕೊನೆಯ 20 ಪ್ರಶ್ನೆ ಮುಟ್ಟಿಯೇ ಇಲ್ಲವಾದರೆ ವೇಗದ ಸಮಸ್ಯೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಈ ಲೆಕ್ಕ ಮಾಡದೆ ರಿಪೀಟರ್ ಬ್ಯಾಚಿಗೆ ಕಳಿಸುವುದು ಎಕ್ಸ್‌ರೇ ತೆಗೆಯದೆ ಪ್ಲಾಸ್ಟರ್ ಹಾಕಿದ ಹಾಗೆ.

ಇನ್ನೊಂದು ವರ್ಷ ಕೊಡಬೇಕಾ?

ನಿಯಮದಲ್ಲಿ ಅಡ್ಡಿ ಇಲ್ಲ. ನೀಟ್ ಎಷ್ಟು ಸಲ ಬರೆಯಬೇಕು ಅನ್ನುವುದಕ್ಕೆ ಮಿತಿ ಇಲ್ಲ, 2022ರಲ್ಲಿ ಗರಿಷ್ಠ ವಯಸ್ಸಿನ ಮಿತಿಯನ್ನೂ ತೆಗೆದರು. ಗ್ಯಾಪ್ ಇದ್ದರೆ ಸೀಟು ಕೊಡುವುದಿಲ್ಲ ಅನ್ನುವುದು ಸುಮ್ನೆ ಹಬ್ಬಿದ ಮಾತು. ಪ್ರವೇಶದ ವೇಳೆ ಗ್ಯಾಪ್ ಅಫಿಡವಿಟ್ ಕೇಳುತ್ತಾರೆ, ಅಷ್ಟೇ.

ನನ್ನ ಅಭಿಪ್ರಾಯ ಹೀಗಿದೆ. ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿಪಡಿಸುವಂಥದ್ದಾಗಿದ್ದರೆ, ಮಗುವಿಗೂ ಮನಸ್ಸಿದ್ದರೆ ಒಂದು ವರ್ಷ ಕೊಡಿ. ಎರಡನೇ ಡ್ರಾಪ್‌ಗೆ, ಅಂದರೆ ಇನ್ನೂ ಒಂದು ವರ್ಷ ಬಿಡುವುದಕ್ಕೆ, ಕೈಯಲ್ಲಿ ಏನೂ ಇಲ್ಲದೆ ಇಳಿಯಬೇಡಿ, ಬಿಎಸ್‌ಸಿಗೋ ಮತ್ತೊಂದಕ್ಕೋ ಸೇರಿಸಿ ಓದಿಸಿ. ಮಗು "ಬೇಡ" ಅಂದರೆ ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಡಾಕ್ಟರ್ ಆಗುವ ಆಸೆ ಇದ್ದರೆ, ವಯಸ್ಸಿನ ಮಿತಿ ಇಲ್ಲ ಅಂತ ಈಗಷ್ಟೇ ಹೇಳಿದೆನಲ್ಲ, ಅವರೇ ಬರೆಯಲಿ.

12ನೇ ತರಗತಿ ಅಂಕವನ್ನೂ ನೋಡಿ. ಭೌತ, ರಸಾಯನ, ಜೀವಶಾಸ್ತ್ರ ಸೇರಿ ಜನರಲ್‌ನವರಿಗೆ 50 ಶೇಕಡಾ, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40 ಶೇಕಡಾ ಕೇಳುತ್ತಾ ಬಂದಿದ್ದಾರೆ. ಅದಕ್ಕಿಂತ ಕಡಿಮೆ ಇದ್ದರೆ ಆ ವರ್ಷದ ಕೈಪಿಡಿಯಲ್ಲಿ ನಿಯಮ ನೋಡಿ. ಬೇಕಾದರೆ ಬೋರ್ಡ್ ಪರೀಕ್ಷೆ ಮತ್ತೆ ಬರೆಸಿ.

ನೀವು ಯಾವ ರಾಜ್ಯದ ಲೆಕ್ಕಕ್ಕೆ ಬರುತ್ತೀರಿ?

ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಅತಿ ಹೆಚ್ಚು ಏಟು ತಿನ್ನುವುದು ಇಲ್ಲಿ. ಸರ್ಕಾರಿ ಕಾಲೇಜುಗಳ 15 ಶೇಕಡಾ ಸೀಟು ಅಖಿಲ ಭಾರತ ಕೋಟಾ. ಅದನ್ನು ದೆಹಲಿಯ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ತುಂಬುತ್ತದೆ. ಉಳಿದ 85 ಶೇಕಡಾ ಆಯಾ ರಾಜ್ಯದ್ದು. ಮಹಾರಾಷ್ಟ್ರದಲ್ಲಿ ಅದನ್ನು ಸಿಇಟಿ ಸೆಲ್ ನೋಡಿಕೊಳ್ಳುತ್ತದೆ, ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ.

ಮಹಾರಾಷ್ಟ್ರದ 85 ಶೇಕಡಾಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ 10 ಮತ್ತು 12 ಎರಡೂ ಮಹಾರಾಷ್ಟ್ರದ ಶಾಲೆ ಕಾಲೇಜಿನಲ್ಲೇ ಪಾಸಾಗಿರಬೇಕು, ಜೊತೆಗೆ ಡೊಮಿಸೈಲ್, ಅಂದರೆ ಇಲ್ಲಿನ ನಿವಾಸಿ ಅನ್ನುವ ಪ್ರಮಾಣಪತ್ರ, ಬೇಕು. ಕರ್ನಾಟಕದ ಸಾಮಾನ್ಯ ನಿಯಮಕ್ಕೆ ಅಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಈಗ ನಮ್ಮವರು ಮಾಡುವುದೇನು? ಮಗ 10ನೇ ತರಗತಿ ಮುಲುಂಡ್‌ನಲ್ಲಿ ಮುಗಿಸುತ್ತಾನೆ. "ಅಲ್ಲಿ ಪಿಯುಸಿ ಚೆನ್ನಾಗಿದೆ" ಅಂತ ಮತ್ಸ್ಯಗಂಧ ಹತ್ತಿಸಿ ಮಂಗಳೂರು ಕಡೆಯ ಹಾಸ್ಟೆಲಿಗೆ ಬಿಡುತ್ತಾರೆ. ನಮ್ಮ ಸಂಬಂಧಿಕರ ಹುಡುಗನಿಗೆ ಹೀಗೇ ಆಯಿತು. ಅಂಕ ಚೆನ್ನಾಗಿತ್ತು. ಮಹಾರಾಷ್ಟ್ರದವರು 12 ಇಲ್ಲಿ ಆಗಿಲ್ಲ ಅಂದರು, ಕರ್ನಾಟಕದಲ್ಲಿ 7 ವರ್ಷ ಇಲ್ಲ. ಕೊನೆಗೆ ಅವನಿಗೆ ಉಳಿದದ್ದು ಅಖಿಲ ಭಾರತ ಕೋಟಾ, ಡೀಮ್ಡ್ (ವಿಶ್ವವಿದ್ಯಾಲಯದ ಸ್ಥಾನ ಇರುವ) ಕಾಲೇಜು ಮತ್ತು ಖಾಸಗಿ ಕಾಲೇಜುಗಳ ಎಲ್ಲರಿಗೂ ತೆರೆದ ಸೀಟು. ರಿಪೀಟರ್‌ಗೆ ಇದನ್ನು ಈಗ ತಿದ್ದಲು ಆಗುವುದಿಲ್ಲ. ಆದರೆ ಯಾವ ಪಟ್ಟಿಯ ಕಟ್‌ಆಫ್ ನೋಡಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ. ತಮ್ಮನೋ ತಂಗಿಯೋ ಇದ್ದರೆ ಅವರ ವಿಷಯದಲ್ಲಿ ಎಚ್ಚರವಾಗಿರಿ.

ಇನ್ನೊಂದು ಬಾಗಿಲಿದೆ, ತುಂಬ ಜನರಿಗೆ ಗೊತ್ತಿಲ್ಲ. ಕರ್ನಾಟಕದ ಕೆಇಎ ಹೊರನಾಡ ಕನ್ನಡಿಗರು ಮತ್ತು ಗಡಿನಾಡ ಕನ್ನಡಿಗರಿಗೆ ಬೇರೆ ಅವಕಾಶ ಇಟ್ಟಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದವರು ಗಡಿನಾಡಿಗೆ ಬರುತ್ತಾರೆ. ಉಳಿದ ಶರತ್ತು ಮತ್ತು ದಾಖಲೆಗಳನ್ನು ಆ ವರ್ಷದ ಕೆಇಎ ಕೈಪಿಡಿಯಲ್ಲೇ ಓದಿ, ವಾಟ್ಸಾಪ್‌ನಲ್ಲಿ ಅಲ್ಲ. ಎರಡು ವಿಷಯ ಮರೆಯಬೇಡಿ. ಒಂದು, ಅರ್ಜಿ ಸಾಮಾನ್ಯವಾಗಿ ವರ್ಷದ ಶುರುವಿನಲ್ಲೇ, ಕರ್ನಾಟಕದ ಸಿಇಟಿ ಅರ್ಜಿಯ ಜೊತೆಗೇ ಹೋಗುತ್ತದೆ. ನೀಟ್ ಫಲಿತಾಂಶ ಬರಲಿ ಅಂತ ಕಾದರೆ ಬಸ್ಸು ಹೋಗಿರುತ್ತದೆ. ಎರಡು, ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ನಾಲ್ಕನೇ ತರಗತಿಯ ಮಟ್ಟದ್ದು.

ನಾಲ್ಕನೇ ತರಗತಿ ಅಂತ ನಗಬೇಡಿ. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಬರೆಯಲು ಬರುವುದಿಲ್ಲ. ನನ್ನ ಮಗಳಿಗೆ ದೇವನಾಗರಿ ಚೆನ್ನಾಗಿ ಬರುತ್ತದೆ, ಕನ್ನಡದ ಒತ್ತಕ್ಷರ ಬರುತ್ತಿರಲಿಲ್ಲ. ಅತ್ತೆ ಊರಿಂದ ಬಂದು ಮೂರು ತಿಂಗಳು ಇದ್ದರು. ಬೆಳಗ್ಗೆ ಕುಕ್ಕರ್ ಇಟ್ಟು, ಮೂರು ಸೀಟಿ ಆಗುವಷ್ಟರಲ್ಲಿ ಒಂದು ಪುಟ ಕಾಪಿ ಬರೆಸುತ್ತಿದ್ದರು. "ಶ್ರ" ಮತ್ತು "ಶೃ" ನಡುವೆ ಒಂದು ವಾರ ಹೋಯಿತು. ಏಪ್ರಿಲ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬರೆದು ಬಂದಳು. ಹೋಗುವಾಗ ಕನ್ನಡ, ಬರುವಾಗ ಜೀವಶಾಸ್ತ್ರ. ಕೊನೆಗೆ ಆ ಬಾಗಿಲು ನಮಗೆ ಬೇಕಾಗಲಿಲ್ಲ. ನೀಟ್‌ಗೆ ಮೂರು ವಾರವೂ ಇಲ್ಲದಾಗ ಪ್ರಯಾಣ ಬೇಕಿತ್ತಾ ಅಂತ ಅವಳಪ್ಪ ಈಗಲೂ ಕೇಳುತ್ತಾರೆ. ಬೇಕಿತ್ತು ಅಂತಲೇ ನನ್ನ ಉತ್ತರ. ಅಜ್ಜಿಗೆ ಈಗ ಮೊಮ್ಮಗಳಿಂದ ಕನ್ನಡದಲ್ಲೇ ಮೆಸೇಜ್ ಬರುತ್ತದೆ.

ಕಾಗದಪತ್ರ: ಜೂನ್‌ನಲ್ಲೇ ಶುರು ಮಾಡಿ

ಫಲಿತಾಂಶ ಬಂದ ಮೇಲೆ, ಪ್ರಮಾಣಪತ್ರಗಳಿಗೆ ಅರ್ಜಿ ಹಾಕುವ ಸೇತು ಕೇಂದ್ರದ ಮುಂದೆ ಸಾಲು ನೋಡಿ. ಡೊಮಿಸೈಲ್, ಆದಾಯ, ನಾನ್ ಕ್ರೀಮಿಲೇಯರ್, ಎಲ್ಲ ಒಂದೇ ವಾರದಲ್ಲಿ ಎಲ್ಲರಿಗೂ ಬೇಕು. ರಿಪೀಟರ್‌ಗೆ ಇರುವ ಒಂದೇ ಒಂದು ಅನುಕೂಲ ಅಂದರೆ ಸಮಯ. ಅದನ್ನು ಇಲ್ಲಿ ಬಳಸಿ.

ಮೊದಲು ಹೆಸರು. ಇದು ನಮ್ಮವರ ದೊಡ್ಡ ತಲೆನೋವು. ಊರಿನ ಪದ್ಧತಿಯಲ್ಲಿ ಹೆಸರಿನ ಮುಂದೆ ಇನಿಶಿಯಲ್. ಇಲ್ಲಿನ ಪದ್ಧತಿಯಲ್ಲಿ ಸರ್‌ನೇಮ್, ತನ್ನ ಹೆಸರು, ಅಪ್ಪನ ಹೆಸರು. ಮಗಳ 10ನೇ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಅಪ್ಪನ ಶಾಲೆಯ ಎಲ್‌ಸಿಯಲ್ಲಿ (ಶಾಲೆ ಬಿಟ್ಟ ಪ್ರಮಾಣಪತ್ರ) ಮೂರನೇ ಥರ ಇತ್ತು. 10ನೇ ಅಂಕಪಟ್ಟಿಯನ್ನು ಮೂಲ ಅಂತ ಇಟ್ಟುಕೊಂಡು, ಆಧಾರ್ ಅದಕ್ಕೆ ಹೊಂದಿಸಿ. ನೀಟ್ ಅರ್ಜಿಯಲ್ಲೂ ಅದೇ ಹೆಸರು, ಅದೇ ಕಾಗುಣಿತ.

ಡೊಮಿಸೈಲ್‌ಗೆ ಸಾಮಾನ್ಯವಾಗಿ 15 ವರ್ಷ ಮಹಾರಾಷ್ಟ್ರದಲ್ಲಿ ಇದ್ದುದಕ್ಕೆ ದಾಖಲೆ ಕೇಳುತ್ತಾರೆ. ಬಾಡಿಗೆ ಮನೆ ಬದಲಿಸುತ್ತಾ ಬಂದವರಿಗೆ ಇದು ಕಷ್ಟ. ಶಾಲೆಯ ಬೋನಫೈಡ್, ಹಳೆಯ ರೇಷನ್ ಕಾರ್ಡ್, ಕರೆಂಟ್ ಬಿಲ್ ಎಲ್ಲಾ ಈಗಲೇ ಹುಡುಕಿ.

ಜಾತಿ ಪ್ರಮಾಣಪತ್ರದಲ್ಲಿ ಒಂದು ಗುಂಡಿ ಇದೆ. ಊರಿನ ತಹಶೀಲ್ದಾರ್ ಕೊಟ್ಟದ್ದು ಮಹಾರಾಷ್ಟ್ರದ ರಾಜ್ಯ ಮೀಸಲಾತಿಗೆ ನಡೆಯುವುದಿಲ್ಲ. ಇಲ್ಲಿನ ಮೀಸಲಾತಿ ಬೇಕಾದರೆ ಕುಟುಂಬ ಒಂದು ನಿಗದಿತ ದಿನಕ್ಕೂ ಮುಂಚೆಯೇ ಇಲ್ಲಿ ನೆಲೆಸಿದ್ದಕ್ಕೆ ಸಾಕ್ಷಿ ತೋರಿಸಬೇಕು. ಒಬಿಸಿಗೆ 1967ರ ಅಕ್ಟೋಬರ್ 13, ಎಸ್‌ಸಿಗೆ 1950ರ ಆಗಸ್ಟ್ 10, ಎಸ್‌ಟಿಗೆ 1950ರ ಸೆಪ್ಟೆಂಬರ್ 6. ಅಜ್ಜ ಹೋಟೆಲ್ ಕೆಲಸಕ್ಕೆ ಬಂದು ರಾತ್ರಿ ಶಾಲೆಯಲ್ಲಿ ಓದಿದ್ದರೆ ಆ ಶಾಲೆಯ ದಾಖಲೆಯೇ ಇವತ್ತು ಬಂಗಾರ. ಅದಾದ ಮೇಲೂ ಜಾತಿ ಸಿಂಧುತ್ವದ ಪ್ರಮಾಣಪತ್ರ ಬೇಕು, ಇಲ್ಲಿ ಎಲ್ಲರೂ ಕಾಸ್ಟ್ ವ್ಯಾಲಿಡಿಟಿ ಅನ್ನುವುದು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಾಕ್ಷಿ ಇಲ್ಲದಿದ್ದರೆ ಓಪನ್ (ಮೀಸಲಾತಿ ಇಲ್ಲದ ವರ್ಗ) ಅಂತಲೇ ಲೆಕ್ಕ ಹಾಕಿ ಓದಿ. ಪ್ರವೇಶದ ದಿನ ವರ್ಗ ಬಿದ್ದುಹೋದರೆ ಅದಕ್ಕಿಂತ ಜಾಸ್ತಿ ನೋವು. ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರದ ರಾಜ್ಯ ಕೋಟಾದಲ್ಲಿ 30 ಶೇಕಡಾ ಮೀಸಲಿದೆ, ಅದು ಓಪನ್‌ನಲ್ಲೂ ಇದೆ.

ಆ ಒಂದು ವರ್ಷ ಓದುವುದು ಹೇಗೆ

ಇಲ್ಲಿ ನಾನು ಜಾಸ್ತಿ ಹೇಳುವುದಿಲ್ಲ. ಟೈಮ್‌ಟೇಬಲ್ ಎಲ್ಲಾ ಕಡೆ ಸಿಗುತ್ತದೆ. ನಮ್ಮಲ್ಲಿ ಕೆಲಸ ಮಾಡಿದ್ದನ್ನಷ್ಟೇ ಹೇಳುತ್ತೇನೆ.

ಸಿಲಬಸ್ ಮೊದಲು ಮುದ್ರಿಸಿಟ್ಟುಕೊಳ್ಳಿ. 2024ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಅದನ್ನು ಬದಲಿಸಿದೆ. ರಸಾಯನಶಾಸ್ತ್ರದಲ್ಲಿ ಘನಸ್ಥಿತಿ, ಪಾಲಿಮರ್‌ನಂಥ ಪಾಠಗಳು ಹೋದವು, ಪ್ರಯೋಗಶಾಲೆಯ ಕೌಶಲ ಸೇರಿತು. ಜೀವಶಾಸ್ತ್ರದಲ್ಲಿ ಜಿರಳೆಯ ಜಾಗಕ್ಕೆ ಕಪ್ಪೆ ಬಂತು. ಹಳೆಯ ವಾಕ್ಯ ಹಾಗೇ ಉಳಿದು, ಸಿಲಬಸ್‌ನಲ್ಲಿ ಕಪ್ಪೆಯನ್ನು ಕೀಟ ಅಂತಲೇ ಮುದ್ರಿಸಿದ್ದರು. ಮಗಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಳು. "ಅವರಿಗೂ ಸಿಲ್ಲಿ ಮಿಸ್ಟೇಕ್ ಆಗುತ್ತೆ ಅಮ್ಮಾ" ಅಂತ. ಹಳೇ ಗೈಡ್ ಇಟ್ಟುಕೊಂಡು ಓದುವ ರಿಪೀಟರ್‌ಗಳು ಹೋಗಿಬಿಟ್ಟ ಪಾಠಕ್ಕೂ ದಿನ ಕಳೆಯುತ್ತಾರೆ.

ತಪ್ಪುಗಳ ನೋಟ್‌ಬುಕ್ ಒಂದು ಬೇಕು. ಪ್ರತಿ ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆ, ಯಾಕೆ ತಪ್ಪಿತು ಅನ್ನುವ ಒಂದು ಸಾಲು, ಎನ್‌ಸಿಇಆರ್‌ಟಿಯ ಪುಟ ಸಂಖ್ಯೆ. ಅಷ್ಟೇ. ಚಂದದ ಬಣ್ಣದ ಪೆನ್ನು ಬೇಡ. ಭಾನುವಾರ ಬೆಳಗ್ಗೆ ಆ ವಾರದ ತಪ್ಪುಗಳನ್ನು ಉತ್ತರ ಮುಚ್ಚಿ ಮತ್ತೆ ಬಿಡಿಸುತ್ತಿದ್ದಳು. "ಅಲ್ಲದ್ದು", "ತಪ್ಪಾದದ್ದು" ಅನ್ನುವ ಪದ ಕಂಡ ಕೂಡಲೇ ಸುತ್ತು ಹಾಕುವ ಅಭ್ಯಾಸ ಬೆಳೆಸಿದಳು.

ಪರೀಕ್ಷೆ ಮಧ್ಯಾಹ್ನ 2ರಿಂದ 5. ಮೇ ಮೊದಲ ಭಾನುವಾರದ ಆಸುಪಾಸು, ಮುಂಬಯಿಯ ಸೆಖೆ, ಊಟ ಆದ ಮೇಲಿನ ತೂಕಡಿಕೆ. ಆದ್ದರಿಂದ ಮಾಕ್ ಟೆಸ್ಟ್ ಕೂಡ ಅದೇ ಹೊತ್ತಿಗೆ, ಎಸಿ ಇಲ್ಲದೆ, ಒಎಂಆರ್ ಹಾಳೆಯ ಮೇಲೇ. ಮೊಬೈಲ್‌ನಲ್ಲಿ ಟೆಸ್ಟ್ ಕೊಟ್ಟವಳಿಗೆ ವೃತ್ತ ತುಂಬುವ ಸಮಯದ ಅಂದಾಜೇ ಬರುವುದಿಲ್ಲ. 2025ರಿಂದ 180 ಪ್ರಶ್ನೆಗೆ 180 ನಿಮಿಷ, ಆಯ್ಕೆ ಇಲ್ಲ. ಅದಕ್ಕೂ ಮೊದಲು 200 ನಿಮಿಷ ಇತ್ತು, ಕೆಲವು ಪ್ರಶ್ನೆ ಬಿಡಲು ಆಯ್ಕೆಯೂ ಇತ್ತು. ಈ ಬದಲಾವಣೆ ಹೇಳಿದ್ದು ಜನವರಿಯಲ್ಲಿ. ನಮ್ಮ ವೇಳೆಯ ಲೆಕ್ಕ ಎಲ್ಲಾ ಮತ್ತೆ ಬರೆದೆವು: ಜೀವಶಾಸ್ತ್ರ 50 ನಿಮಿಷ, ರಸಾಯನ 50, ಭೌತ 65, ಉಳಿದ 15 ನಿಮಿಷ ಒಎಂಆರ್ ಪರೀಕ್ಷಿಸಲು. ಆ ವರ್ಷ ಭೌತಶಾಸ್ತ್ರ ತುಂಬಾ ಕಷ್ಟ ಬಂತು. ಅವಳು 8 ಪ್ರಶ್ನೆ ಮುಟ್ಟಲಿಲ್ಲ, ಎಂಟೂ ಭೌತಶಾಸ್ತ್ರದ್ದೇ. ಆದರೆ ಜೀವಶಾಸ್ತ್ರ ಅಷ್ಟರಲ್ಲಿ ಮುಗಿದಿತ್ತು.

ಎಲ್ಲಿ ಓದಬೇಕು ಅನ್ನುವುದೂ ಮುಂಬಯಿಯಲ್ಲಿ ಒಂದು ಪ್ರಶ್ನೆ. ನಮ್ಮದು ಒಂದು ಬೆಡ್‌ರೂಮಿನ ಮನೆ, ಹಾಲ್‌ನಲ್ಲಿ ಟಿವಿ. ಇಲ್ಲಿ ಗಲ್ಲಿಗೊಂದು ಅಭ್ಯಾಸಿಕಾ ಇರುತ್ತದೆ, ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ದೀಪ. ಕೋಚಿಂಗ್‌ಗೆ ಹೆಸರಾದ ಲಾತೂರಿಗೋ ರಾಜಸ್ಥಾನದ ಕೋಟಾ ಊರಿಗೋ ಕಳಿಸುವ ಮೊದಲು ಇದನ್ನು ನೋಡಿ. ಮನೆ ಊಟ ತಿಂದು ಓದುವ ಮಗು ಅರ್ಧ ಗೆದ್ದ ಹಾಗೆ ಅಂತ ನನ್ನ ನಂಬಿಕೆ. ಡೊಂಬಿವಲಿಯಿಂದ ದಾದರ್‌ಗೆ ದಿನಾ ಫಾಸ್ಟ್ ಲೋಕಲ್ ಹತ್ತಿ ಕೋಚಿಂಗ್‌ಗೆ ಹೋಗುವುದಾದರೆ, ಹೋಗಿಬರುವ ಮೂರು ಗಂಟೆಯನ್ನೂ ಫೀಸಿನಲ್ಲಿ ಸೇರಿಸಿ ಲೆಕ್ಕ ಹಾಕಿ.

ಕೌನ್ಸೆಲಿಂಗ್ ಅಂದರೆ ಸೀಟು ಹಂಚಿಕೆ: ಎರಡನೇ ಪರೀಕ್ಷೆ

ಎಂಸಿಸಿಯಲ್ಲಿ ನೋಂದಣಿ ಮಾಡಿದರೆ ರಾಜ್ಯದ್ದೂ ಆಯಿತು ಅಂದುಕೊಳ್ಳುವವರು ಈಗಲೂ ಇದ್ದಾರೆ. ಎರಡೂ ಬೇರೆ. ಬೇರೆ ತಾಣ, ಬೇರೆ ಶುಲ್ಕ, ಬೇರೆ ಪಟ್ಟಿ. ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ಜನರಲ್‌ನವರ ಠೇವಣಿ 10,000 ರೂಪಾಯಿ. ಡೀಮ್ಡ್ ಕಾಲೇಜಿಗೆ 2 ಲಕ್ಷ. ಡೀಮ್ಡ್ ಫೀಸು ಕಟ್ಟುವ ಶಕ್ತಿ ಇಲ್ಲದಿದ್ದರೆ "ಇರಲಿ" ಅಂತ ಆ ಕಾಲೇಜುಗಳನ್ನು ಪಟ್ಟಿಗೆ ಹಾಕಬೇಡಿ. ಸೀಟು ಸಿಕ್ಕಿ ಬಿಟ್ಟರೆ ಠೇವಣಿ ಹೋಗುವ ಸುತ್ತುಗಳಿವೆ. ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಗೆ ಮನಸ್ಸಿದ್ದರೆ ಎಂಸಿಸಿ ತಾಣದಲ್ಲೇ ಮೊದಲು ತಿಳಿಸಬೇಕು. ಕರೆ ಬಂದವರಿಗೆ ಇನ್ನೊಂದು ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಇರುತ್ತದೆ.

ಈಗ ಪಟ್ಟಿ. ಮೊದಲ ವರ್ಷ ನಾವು ಬರೆದದ್ದು ಬರೇ ಏಳು ಕಾಲೇಜು. ಜೆಜೆ ಆಸ್ಪತ್ರೆಯ ಗ್ರಾಂಟ್, ಪರೇಲ್‌ನ ಕೆಇಎಂ, ಸಯನ್, ನಾಯರ್, ಕೂಪರ್, ಕಲ್ವಾ, ಪುಣೆಯ ಬಿಜೆ. ಹೆಣ್ಣುಮಗು, ಮನೆಗೆ ಹತ್ತಿರ ಇರಲಿ ಅಂತ. ಆ ರ‍್ಯಾಂಕಿಗೆ ಇವು ಯಾವುದೂ ಬರುವುದಿಲ್ಲ ಅಂತ ಹಿಂದಿನ ವರ್ಷದ ಪಟ್ಟಿ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಎರಡನೇ ವರ್ಷ 34 ಬರೆದೆವು. ಮಾಡಿದ್ದು ಹೀಗೆ: ಸಿಇಟಿ ಸೆಲ್ ಹಾಕುವ ಹಿಂದಿನ ವರ್ಷದ ಸೀಟು ಹಂಚಿಕೆಯ ಪಟ್ಟಿ ಇಳಿಸಿಕೊಂಡೆ. ಪ್ರತಿ ಕಾಲೇಜಿಗೆ ನಮ್ಮ ವರ್ಗದಲ್ಲಿ ಕೊನೆಗೆ ಸೀಟು ಸಿಕ್ಕವರ ರ‍್ಯಾಂಕ್ ಎಷ್ಟು ಅಂತ ಬರೆದುಕೊಂಡೆ. ಅಂಕ ಅಲ್ಲ, ರ‍್ಯಾಂಕ್. ಪ್ರತಿ ಸುತ್ತಿನದ್ದೂ ಬೇರೆ ಬೇರೆ.

ಪಟ್ಟಿಯನ್ನು ಬರೆಯುವಾಗ ನಿಮಗೆ ಬೇಕಾದ ಕ್ರಮದಲ್ಲೇ ಬರೆಯಿರಿ. ಮೇಲೆ ದೊಡ್ಡ ಕಾಲೇಜು ಹಾಕಿದರೆ ಕೆಳಗಿನದು ಕೈತಪ್ಪುತ್ತದೆ ಅನ್ನುವುದು ಸುಳ್ಳು. ಯಂತ್ರ ಮೇಲಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಹೊಸ ಸರ್ಕಾರಿ ಕಾಲೇಜುಗಳನ್ನು ಬಿಡಬೇಡಿ. 2024ರಲ್ಲಿ ಅಂಬರ್‌ನಾಥ್, ಹಿಂಗೋಲಿ, ಗಡಚಿರೋಲಿಯಂಥ ಕಡೆ ಹೊಸದು ಶುರುವಾದವು. ಕಟ್ಟಡ ಇನ್ನೂ ಪೂರ್ತಿ ಆಗಿರುವುದಿಲ್ಲ, ಹಾಸ್ಟೆಲ್ ಬಾಡಿಗೆ ಮನೆಯಲ್ಲಿ ಇರಬಹುದು. ಹೋಗಿ ನೋಡಿ, ಸೀನಿಯರ್ ಮಕ್ಕಳನ್ನು ಕೇಳಿ, ಆಮೇಲೆ ತೀರ್ಮಾನ ಮಾಡಿ. ಹೋಗುವುದೇ ಇಲ್ಲ ಅನ್ನುವ ಕಾಲೇಜನ್ನು ಮಾತ್ರ ಬರೆಯಬೇಡಿ. ಎಂಸಿಸಿಯ ಕೊನೆಯ ಸ್ಟ್ರೇ (ಉಳಿದ ಸೀಟು ತುಂಬುವ) ಸುತ್ತಿನಲ್ಲಿ ಸೀಟು ಸಿಕ್ಕಿ ಸೇರದಿದ್ದರೆ ಮುಂದಿನ ನೀಟ್‌ಗೇ ಕೂರಿಸದ ನಿಯಮ ಇದೆ. ಮೂರನೇ ಸಲ ಬರೆಯುವ ಯೋಚನೆ ಇರುವವರಿಗೆ ಇದು ನೇರ ಕುತ್ತಿಗೆಗೆ ಬರುತ್ತದೆ.

ಈ ಹೊತ್ತಿನಲ್ಲಿ ಫೋನುಗಳೂ ಬರುತ್ತವೆ. "ಮ್ಯಾನೇಜ್‌ಮೆಂಟ್ ಸೀಟು ಇದೆ, ಟೋಕನ್ ಕಳಿಸಿ." ಎಂಬಿಬಿಎಸ್‌ನ ಮ್ಯಾನೇಜ್‌ಮೆಂಟ್ ಸೀಟು ಕೂಡ ನೀಟ್ ರ‍್ಯಾಂಕಿನ ಮೇಲೆ, ಕೌನ್ಸೆಲಿಂಗ್ ಮೂಲಕವೇ ತುಂಬುತ್ತದೆ. ನಡುವಿನವನಿಗೆ ಕೊಡಲು ಅವನ ಹತ್ತಿರ ಏನೂ ಇರುವುದಿಲ್ಲ. ಕನ್ನಡದಲ್ಲೇ ಮಾತಾಡಿ, "ನಮ್ಮ ಊರಿನವರು" ಅಂತ ಹೇಳಿಕೊಂಡು ಬರುವವರ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ವಿದೇಶದ ಎಂಬಿಬಿಎಸ್ ಅಂತ ಬಂದರೆ ಮೂರು ಪ್ರಶ್ನೆ ಕೇಳಿ: ಕೋರ್ಸು ಕನಿಷ್ಠ 54 ತಿಂಗಳು ಇದೆಯಾ, ಪಾಠ ಇಂಗ್ಲಿಷಿನಲ್ಲೇ ಇದೆಯಾ, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಇದೆಯಾ? ಒಂದಕ್ಕೆ "ಇಲ್ಲ" ಅಂದರೂ ಆ ಡಿಗ್ರಿ ಇಲ್ಲಿ ನಡೆಯುವುದಿಲ್ಲ.

ನೀಟ್ ರ‍್ಯಾಂಕಿನಲ್ಲೇ ಬಿಡಿಎಸ್, ಬಿಎಎಂಎಸ್, ಬಿಎಚ್‌ಎಂಎಸ್ ಸೀಟೂ ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಫಿಸಿಯೋಥೆರಪಿಯನ್ನೂ ನೀಟ್ ಮೇಲೆಯೇ ತುಂಬುತ್ತಾ ಬಂದಿದ್ದಾರೆ. ಬಿಎಸ್‌ಸಿ ನರ್ಸಿಂಗ್‌ಗೆ ಬೇರೆ ಸಿಇಟಿ ಇದೆ, ಅದರ ಅರ್ಜಿ ಮುಂಚೆಯೇ ಹಾಕಿಡಿ. ಇವುಗಳಲ್ಲಿ ಒಂದಕ್ಕೆ ಸೇರಿ ಮುಂದಿನ ವರ್ಷ ಬಿಡುವ ಯೋಚನೆ ಇದ್ದರೆ, ಸೀಟು ಬಿಟ್ಟರೆ ದಂಡ ಎಷ್ಟು, ಒರಿಜಿನಲ್ ದಾಖಲೆ ಯಾವಾಗ ವಾಪಸ್ ಕೊಡುತ್ತಾರೆ ಅಂತ ಸೇರುವ ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ನಮಗೆ ಸೀಟು ಬಂದದ್ದು ವಿದರ್ಭದ ಒಂದು ಸರ್ಕಾರಿ ಕಾಲೇಜಿನಲ್ಲಿ, 34ರ ಪಟ್ಟಿಯಲ್ಲಿ 22ನೆಯದು. ವರದಿ ಮಾಡಲು ಕೆಲವೇ ದಿನ ಇತ್ತು. ಜೂನ್‌ನಿಂದ ಜೋಡಿಸಿಟ್ಟ ಫೈಲ್ ಇದ್ದುದರಿಂದ ಆ ರಾತ್ರಿಯೇ ರೈಲು ಹತ್ತಿದೆವು. ಒರಿಜಿನಲ್‌ಗಳು, ಮೂರು ಸೆಟ್ ಜೆರಾಕ್ಸ್, ಗ್ಯಾಪ್ ಅಫಿಡವಿಟ್, ವೈದ್ಯಕೀಯ ಫಿಟ್‌ನೆಸ್, ನೀಟ್ ಅರ್ಜಿಗೆ ಹಾಕಿದ್ದೇ ಫೋಟೊದ 20 ಪ್ರತಿ. ಕೌಂಟರ್‌ನಲ್ಲಿ ನಮ್ಮ ಮುಂದಿದ್ದ ಹುಡುಗನಿಗೆ ಆ ಫೋಟೊ ಒಂದೇ ಇರಲಿಲ್ಲ. ಅವನಪ್ಪ ಮಳೆಯಲ್ಲಿ ಸ್ಟುಡಿಯೋ ಹುಡುಕುತ್ತಾ ಓಡಿದರು. ಅವರು ಬರುವ ತನಕ ಹುಡುಗನ ಫೈಲನ್ನು ನನ್ನ ಮಗಳು ಹಿಡಿದುಕೊಂಡು ನಿಂತಿದ್ದಳು.